ಕಾಂಟಿನೆಂಟಲ್ ಸೇನೆಯ ವೈದ್ಯಕೀಯ ವ್ಯವಸ್ಥೆ (1775–1783)

ಬ್ರಿಟನ್ನಿನ ವಿರುದ್ಧ ದಂಗೆಯೆದ್ದ ಉತ್ತರ ಅಮೆರಿಕದ ಹದಿಮೂರು ವಸಾಹತುಗಳು ತಮ್ಮ ಹೊಸ ಸೇನೆಯ ರೋಗಿಗಳಿಗೂ ಗಾಯಾಳುಗಳಿಗೂ ಚಿಕಿತ್ಸೆ ಒದಗಿಸಲು ಕಟ್ಟಿದ ಏರ್ಪಾಡು. ಅಧಿಕೃತವಾಗಿ ಇದನ್ನು ಆಸ್ಪತ್ರೆ ಇಲಾಖೆ ಎಂದು ಕರೆಯುತ್ತಿದ್ದರು. ಎಂಟು ವರ್ಷಗಳಲ್ಲಿ ಇದಕ್ಕೆ ನಾಲ್ವರು ಮುಖ್ಯಸ್ಥರಾದರು. ಮೊದಲನೆಯವನು ಶತ್ರುವಿನ ಗೂಢಚಾರನೆಂದು ಸಿಕ್ಕಿಬಿದ್ದ, ಎರಡನೆಯವನನ್ನು ವಜಾ ಮಾಡಲಾಯಿತು, ಮೂರನೆಯವನು ಸೇನಾ ನ್ಯಾಯಾಲಯದ ವಿಚಾರಣೆ ಎದುರಿಸಿದ. ನಾಲ್ಕನೆಯವನೊಬ್ಬನೇ ಯುದ್ಧ ಮುಗಿಯುವವರೆಗೂ ಹುದ್ದೆಯಲ್ಲಿ ಉಳಿದ. ಈ ಗೊಂದಲಕ್ಕೆ ವೈದ್ಯಶಾಸ್ತ್ರದ ಅರಿವಿನ ಕೊರತೆ ಕಾರಣವಲ್ಲ, ಏಕೆಂದರೆ ಎದುರಾಳಿ ಬ್ರಿಟಿಷ್ ವೈದ್ಯರಿಗೆ ತಿಳಿದಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಔಷಧ, ಹೊದಿಕೆ, ಪಥ್ಯದ ಆಹಾರ ಇವುಗಳ ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಯುದ್ಧ ಬಹುಪಾಲು ಮುಗಿಯುವವರೆಗೂ ಇತ್ಯರ್ಥವಾಗದೆ ಉಳಿದದ್ದೇ ಮುಖ್ಯ ಕಾರಣ.

ಯುದ್ಧ ಶುರುವಾದಾಗ ವಸಾಹತುಗಳಲ್ಲಿ ಸುಮಾರು 3,500 ಮಂದಿ ವೈದ್ಯವೃತ್ತಿಯಲ್ಲಿದ್ದರೆಂದು ಅಂದಾಜು. ಅವರಲ್ಲಿ ವೈದ್ಯಪದವಿ ಇದ್ದವರು ಹತ್ತರಲ್ಲೊಬ್ಬರೂ ಇರಲಿಲ್ಲ. ಉಳಿದವರು ಹಿರಿಯ ವೈದ್ಯನೊಬ್ಬನ ಮನೆಯಲ್ಲಿದ್ದುಕೊಂಡು ಪುಡಿ ಅರೆಯುತ್ತ, ಬ್ಯಾಂಡೇಜು ಕಟ್ಟುತ್ತ ಕಲಿತವರು. ಫಿಲಡೆಲ್ಫಿಯದಲ್ಲಿ 1765ರಲ್ಲೂ ನ್ಯೂಯಾರ್ಕಿನ ಕಿಂಗ್ಸ್ ಕಾಲೇಜಿನಲ್ಲಿ 1767ರಲ್ಲೂ ಆರಂಭವಾದ ಎರಡೇ ವೈದ್ಯಶಾಲೆಗಳಿದ್ದವು. ದೊಡ್ಡ ಆಸ್ಪತ್ರೆಯನ್ನು ನಡೆಸಿದ ಅನುಭವ ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ಆಸ್ಪತ್ರೆಯ ಆಚೆಗೆ ಹೆಚ್ಚೇನೂ ಇರಲಿಲ್ಲ. ಸೇನಾವೈದ್ಯದ ಜ್ಞಾನ ಪುಸ್ತಕಗಳಿಂದ ಬಂತು. ಬ್ರಿಟಿಷ್ ಸೇನೆಯ ವೈದ್ಯ ಜಾನ್ ಪ್ರಿಂಗಲ್ 1752ರಲ್ಲಿ ಪ್ರಕಟಿಸಿದ್ದ ಸೇನಾರೋಗಗಳ ಗ್ರಂಥ ಆ ಕಾಲದ ಪ್ರಮಾಣಗ್ರಂಥ. ಕಿಂಗ್ಸ್ ಕಾಲೇಜಿನ ಶಸ್ತ್ರವೈದ್ಯ ಪ್ರಾಧ್ಯಾಪಕ ಜಾನ್ ಜೋನ್ಸ್ ಗಾಯ ಮತ್ತು ಮೂಳೆಮುರಿತಗಳ ಬಗ್ಗೆ 1775ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕ ಹಳ್ಳಿಗಳಿಂದ ಬಂದ ಯುವ ವೈದ್ಯರ ಕೈಪಿಡಿಯಾಯಿತು.

1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಕದನ ನಡೆದ ಮೇಲೆ ಬಾಸ್ಟನ್ ನಗರವನ್ನು ಸುತ್ತುವರಿದ ಸೇನೆ ಊರೂರಿನ ಪಡೆಗಳ ಕೂಟವಾಗಿತ್ತು. ಪ್ರತಿ ರೆಜಿಮೆಂಟೂ ತನ್ನ ಊರಿನ ವೈದ್ಯನನ್ನು ತಾನೇ ಕರೆತಂದಿತ್ತು. ಅವನನ್ನು ನೇಮಿಸುವವನು ಕರ್ನಲ್. ಅವನ ನಿಷ್ಠೆಯೂ ಆ ಕರ್ನಲ್‌ಗೇ. ಪಕ್ಕದ ಕೇಂಬ್ರಿಜ್ ಊರಿನ ದೊಡ್ಡ ಮನೆಗಳು ಆಸ್ಪತ್ರೆಗಳಾದವು. ಮ್ಯಾಸಚೂಸೆಟ್ಸ್ ಪ್ರಾಂತದ ಸಭೆ ಶಸ್ತ್ರವೈದ್ಯರನ್ನು ಪರೀಕ್ಷಿಸಿ ನೇಮಿಸಲು ಸಮಿತಿಯೊಂದನ್ನು ರಚಿಸಿತು. ಮುಂದೆ ಸೇನಾವೈದ್ಯನಾಗಿ ಹೆಸರಾದ ಜೇಮ್ಸ್ ಥ್ಯಾಚರ್ ಆ ಪರೀಕ್ಷೆಗೆ ಕುಳಿತವರಲ್ಲೊಬ್ಬ. ಹದಿನಾರು ಮಂದಿಯಲ್ಲಿ ಆರು ಮಂದಿ ಅನುತ್ತೀರ್ಣರಾದರೆಂದು ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಸಂಧಿವಾತದ ರೋಗಿಗೆ ಬೆವರು ಬರಿಸುವುದು ಹೇಗೆ ಎಂದು ಕೇಳಿದಾಗ, ಅವನನ್ನು ಈ ಸಮಿತಿಯ ಮುಂದೆ ಪರೀಕ್ಷೆಗೆ ನಿಲ್ಲಿಸುತ್ತೇನೆ ಎಂದು ಒಬ್ಬ ಉತ್ತರಿಸಿದನೆಂಬ ನಗೆಮಾತನ್ನೂ ದಾಖಲಿಸಿದ್ದಾನೆ. ಆದರೆ ಇಂಥ ಪರೀಕ್ಷೆ ಎಲ್ಲ ಪ್ರಾಂತಗಳಲ್ಲೂ ಇರಲಿಲ್ಲ.

ಸೇನಾಪತಿ ಜಾರ್ಜ್ ವಾಷಿಂಗ್ಟನ್ ಒಂದೇ ಆಡಳಿತದ ಆಸ್ಪತ್ರೆ ಬೇಕೆಂದು ಕೇಳಿಕೊಂಡ ಮೇಲೆ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ 1775ರ ಜುಲೈ 27ರಂದು ಆಸ್ಪತ್ರೆ ಇಲಾಖೆಯನ್ನು ಸ್ಥಾಪಿಸಿತು. ಅದರ ಲೆಕ್ಕಾಚಾರ 20,000 ಸೈನಿಕರ ಸೇನೆಗೆ: ಒಬ್ಬ ಪ್ರಧಾನ ನಿರ್ದೇಶಕ, ನಾಲ್ವರು ಶಸ್ತ್ರವೈದ್ಯರು, ಒಬ್ಬ ಔಷಧಾಧಿಕಾರಿ, ಇಪ್ಪತ್ತು ಮಂದಿ ಸಹಾಯಕರು, ಕೆಲವು ಉಗ್ರಾಣಿಕರು ಮತ್ತು ಗುಮಾಸ್ತರು, ಹತ್ತು ರೋಗಿಗಳಿಗೊಬ್ಬ ದಾದಿ. ನಿರ್ದೇಶಕನಿಗೆ ದಿನಕ್ಕೆ 4 ಡಾಲರ್ ಸಂಬಳ, ದಾದಿಗೆ ತಿಂಗಳಿಗೆ 2 ಡಾಲರ್. ರೆಜಿಮೆಂಟುಗಳ ವೈದ್ಯರು ಈ ಇಲಾಖೆಗೆ ಅಧೀನರೋ ಅಲ್ಲವೋ ಎಂಬುದನ್ನು ನಿರ್ಣಯ ಸ್ಪಷ್ಟಪಡಿಸಲಿಲ್ಲ. ಮುಂದಿನ ಐದು ವರ್ಷಗಳ ಜಗಳಕ್ಕೆ ಇಷ್ಟು ಸಾಕಾಯಿತು.

ಮೊದಲ ನಿರ್ದೇಶಕ ಬೆಂಜಮಿನ್ ಚರ್ಚ್ ಬಾಸ್ಟನ್ನಿನ ಹೆಸರಾಂತ ವೈದ್ಯ, ದಂಗೆಯ ಮುಂಚೂಣಿಯಲ್ಲಿ ಕಾಣಿಸಿಕೊಂಡಿದ್ದ ಮುಖಂಡ. ರೆಜಿಮೆಂಟುಗಳ ಪುಟ್ಟ ಆಸ್ಪತ್ರೆಗಳನ್ನು ಮುಚ್ಚಿ ರೋಗಿಗಳನ್ನೆಲ್ಲ ಕೇಂದ್ರದ ಜನರಲ್ ಆಸ್ಪತ್ರೆಗೆ ಕಳುಹಿಸಬೇಕೆಂದು ಹಟ ಹಿಡಿದು ಅವನು ಬಂದ ಕೂಡಲೇ ವಿರೋಧ ಕಟ್ಟಿಕೊಂಡ. ಆ ದೂರುಗಳ ವಿಚಾರಣೆ ನಡೆಯುತ್ತಿರುವಾಗಲೇ, ಅವನು ಬ್ರಿಟಿಷರಿಗೆಂದು ಮಹಿಳೆಯೊಬ್ಬಳ ಕೈಲಿ ಕಳುಹಿಸಿದ್ದ ಗೂಢಲಿಪಿಯ ಪತ್ರ ವಾಷಿಂಗ್ಟನ್ನನ ಕೈಸೇರಿತು. ಅಕ್ಟೋಬರ್‌ನಲ್ಲಿ ಅವನ ಬಂಧನವಾಯಿತು. 1778ರಲ್ಲಿ ದೇಶ ಬಿಟ್ಟು ಹೋಗಲು ಅವಕಾಶ ಸಿಕ್ಕಿತಾದರೂ ಅವನು ಹತ್ತಿದ ಹಡಗು ಸಮುದ್ರದಲ್ಲಿ ಕಾಣೆಯಾಯಿತು.

ಅಕ್ಟೋಬರ್ 17ರಂದು ನೇಮಕಗೊಂಡ ಜಾನ್ ಮಾರ್ಗನ್ ಎಡಿನ್‌ಬರೊದಲ್ಲಿ ಪದವಿ ಪಡೆದವನು, ಫಿಲಡೆಲ್ಫಿಯದ ವೈದ್ಯಶಾಲೆಯ ಸ್ಥಾಪಕ, ಶಿಸ್ತಿನ ಮನುಷ್ಯ. ಸಹಾಯಕ ವೈದ್ಯರಿಗೆ ಪರೀಕ್ಷೆ ಕಡ್ಡಾಯ ಮಾಡಿದ. ದಾಸ್ತಾನಿನ ಲೆಕ್ಕ ಕೇಳಿದ. ಸಾರ್ವಜನಿಕರಿಂದ ಹಳೆಯ ನಾರುಬಟ್ಟೆ ಸಂಗ್ರಹಿಸಿ ಬ್ಯಾಂಡೇಜು ಮಾಡಿಸಿದ. 1776ರ ಮಾರ್ಚ್‌ನಲ್ಲಿ ಬ್ರಿಟಿಷರು ಬಾಸ್ಟನ್ ತೆರವು ಮಾಡಿದಾಗ ಅವರು ಬಿಟ್ಟುಹೋದ ಔಷಧಗಳನ್ನೂ ಊರಿನ ಅಂಗಡಿಗಳ ಸರಕನ್ನೂ ಕಲೆಹಾಕಿ ಹೊಸ ಸೇನೆಗೆ ಮೊದಲ ಗಣನೀಯ ಔಷಧ ಭಂಡಾರವನ್ನು ಕೂಡಿಸಿದ.

ಮಾರ್ಗನ್ನನಿಗೂ ರೆಜಿಮೆಂಟ್ ವೈದ್ಯರಿಗೂ ನಡೆದ ಘರ್ಷಣೆಯಲ್ಲಿ ಎರಡು ಕಡೆಗೂ ನ್ಯಾಯವಿತ್ತು. ಜ್ವರ ಬಂದ ಸೈನಿಕ ಮೊದಲು ಹೋಗುವುದು ತನ್ನ ಊರಿನ, ತನ್ನ ಭಾಷೆಯಲ್ಲೇ ಮಾತಾಡುವ ವೈದ್ಯನ ಬಳಿಗೆ. ಆದರೆ ಆ ವೈದ್ಯನ ಪೆಟ್ಟಿಗೆ ಬರಿದು. ಆಸ್ಪತ್ರೆಗೆ ಮೀಸಲಾದ ವೈನ್, ಸಕ್ಕರೆ, ಅಕ್ಕಿಯಂಥ ಪಥ್ಯದ ಪದಾರ್ಥ ಕೇಳುವ ಹಕ್ಕು ಅವನಿಗಿಲ್ಲ. ಗುಣವಾಗಬೇಕಾದವನಿಗೆ ಉಪ್ಪು ಹಾಕಿಟ್ಟ ಮಾಂಸವನ್ನೇ ಕೊಡಬೇಕು. ಇತ್ತ ಜನರಲ್ ಆಸ್ಪತ್ರೆಯ ನಿರ್ದೇಶಕ, ಕೊಟ್ಟ ಔಷಧಕ್ಕೆ ಲೆಕ್ಕವನ್ನೇ ಒಪ್ಪಿಸದವರಿಗೆ ಭಂಡಾರ ತೆರೆದರೆ ತಿಂಗಳಲ್ಲಿ ಅದು ಬರಿದಾಗುತ್ತದೆಂದು ಹೆದರಿದ. ರೆಜಿಮೆಂಟ್ ವೈದ್ಯರಲ್ಲಿ ಕೆಲವರು ಲಂಚ ಪಡೆದು ಕಾಯಿಲೆಯ ಪ್ರಮಾಣಪತ್ರ ಕೊಡುತ್ತಾರೆಂದು ವಾಷಿಂಗ್ಟನ್ನೇ 1776ರಲ್ಲಿ ಕಾಂಗ್ರೆಸ್ಸಿಗೆ ಬರೆದ. ಆ ವರ್ಷದ ಜುಲೈನಲ್ಲಿ ಕಾಂಗ್ರೆಸ್ ರೆಜಿಮೆಂಟುಗಳ ಔಷಧ ಪೆಟ್ಟಿಗೆಗಳ ತಪಾಸಣೆಗೆ ಆದೇಶಿಸಿತಾದರೂ ತಪಾಸಣೆ ಮಾಡುವವನಿಗೆ ಶಿಕ್ಷಿಸುವ ಅಧಿಕಾರ ಕೊಡಲಿಲ್ಲ.

ಆಗಸ್ಟ್‌ನಲ್ಲಿ ಲಾಂಗ್ ಐಲೆಂಡ್ ಕದನದ ಸೋಲು, ಅದರ ಬೆನ್ನಿಗೆ ನ್ಯೂಯಾರ್ಕಿನಿಂದ ಹಿಮ್ಮೆಟ್ಟುವಿಕೆ. ಜ್ವರ ಮತ್ತು ರಕ್ತಭೇದಿಯಿಂದ ಸೇನೆಯ ದೊಡ್ಡ ಪಾಲು ಹಾಸಿಗೆ ಹಿಡಿದಿತ್ತು. ಹಾಸಿಗೆ ಎಂಬುದು ಬಹುಮಂದಿಗೆ ಕೊಟ್ಟಿಗೆಯ ಹುಲ್ಲು. ಸಾಗಿಸಲು ಗಾಡಿಗಳಿರಲಿಲ್ಲ. ಕಾಂಗ್ರೆಸ್ ಆ ಅಕ್ಟೋಬರ್‌ನಲ್ಲಿ ಹಡ್ಸನ್ ನದಿಯ ಪೂರ್ವಕ್ಕೆ ಮಾರ್ಗನ್ನನನ್ನೂ ಪಶ್ಚಿಮಕ್ಕೆ ವಿಲಿಯಂ ಶಿಪ್ಪೆನ್ನನನ್ನೂ ನಿಯೋಜಿಸಿ ಒಂದೇ ಇಲಾಖೆಗೆ ಎರಡು ತಲೆಗಳನ್ನು ಮಾಡಿತು. ಇವರಿಬ್ಬರೂ ಫಿಲಡೆಲ್ಫಿಯದ ವೈದ್ಯಶಾಲೆಯ ಸಹೋದ್ಯೋಗಿಗಳು. ಶಾಲೆಯ ಕಲ್ಪನೆ ಯಾರದೆಂಬ ವಿಷಯದಲ್ಲಿ ಹತ್ತು ವರ್ಷಗಳಿಂದ ಮುನಿಸಿಕೊಂಡವರು. 1777ರ ಜನವರಿ 9ರಂದು ಕಾಂಗ್ರೆಸ್ ಕಾರಣ ತಿಳಿಸದೆಯೇ ಮಾರ್ಗನ್ನನನ್ನು ವಜಾ ಮಾಡಿತು. ಅವನು ಸಮರ್ಥನೆಯ ಪುಸ್ತಕವನ್ನೇ ಬರೆದು ಅಚ್ಚು ಹಾಕಿಸಿದ. 1779ರಲ್ಲಿ ಕಾಂಗ್ರೆಸ್ ಅವನನ್ನು ನಿರ್ದೋಷಿಯೆಂದು ಘೋಷಿಸಿತು, ಹುದ್ದೆಯನ್ನು ಮಾತ್ರ ಮರಳಿಸಲಿಲ್ಲ.

ಇದೇ ಹೊತ್ತಿಗೆ ಉತ್ತರದ ರಣರಂಗದಲ್ಲಿ ಇನ್ನೂ ದೊಡ್ಡ ಅನಾಹುತ ನಡೆದುಹೋಗಿತ್ತು. 1775ರ ಕೊನೆಯಲ್ಲಿ ಕೆನಡದ ಕ್ವಿಬೆಕ್ ನಗರಕ್ಕೆ ಮುತ್ತಿಗೆ ಹಾಕಿದ ಅಮೆರಿಕನ್ ಪಡೆಗೆ ಸಿಡುಬು ತಗುಲಿತು. ಬ್ರಿಟನ್ನಿನ ಊರುಗಳಲ್ಲಿ ಸಿಡುಬು ಬಾಲ್ಯದಲ್ಲೇ ಬಂದುಹೋಗುವ ರೋಗವಾದ್ದರಿಂದ ಬ್ರಿಟಿಷ್ ಸೈನಿಕರಲ್ಲಿ ಬಹುಮಂದಿಗೆ ಮತ್ತೆ ಬರುವಂತಿರಲಿಲ್ಲ. ಅಮೆರಿಕದ ಒಂಟಿ ಹೊಲಮನೆಗಳಲ್ಲಿ ಬೆಳೆದ ತರುಣರಿಗೆ ಆ ರಕ್ಷಣೆ ಇರಲಿಲ್ಲ. 1776ರ ವಸಂತದಲ್ಲಿ ಪಡೆ ಹಿಮ್ಮೆಟ್ಟಿದಾಗ ರೋಗಿಗಳು ಸಾವಿರಗಟ್ಟಲೆಯಾಗಿದ್ದರು. ದಂಡನಾಯಕ ಜಾನ್ ಥಾಮಸ್ ಸ್ವತಃ ವೈದ್ಯ. ಜೂನ್ 2ರಂದು ಅವನೂ ಸಿಡುಬಿಗೆ ಬಲಿಯಾದ. ಕೆನಡ ಕೈತಪ್ಪಿದ್ದಕ್ಕೆ ಶತ್ರುವಿನ ಫಿರಂಗಿಗಳಿಗಿಂತ ಈ ರೋಗವೇ ಹೆಚ್ಚು ಕಾರಣವೆಂಬ ಅಭಿಪ್ರಾಯ ಆಗಲೇ ಬಲವಾಗಿತ್ತು.

ಸಿಡುಬಿಗೆ ಆಗ ಇದ್ದ ತಡೆ, ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ತೋಳಿನ ಗೀರಿಗೆ ಸೇರಿಸಿ ಹಗುರವಾದ ಸಿಡುಬನ್ನು ಬರಿಸುವ ಕ್ರಮ. ಎಡ್ವರ್ಡ್ ಜೆನ್ನರ್ 1796ರಲ್ಲಿ ಆರಂಭಿಸಿದ ಗೋಸಿಡುಬಿನ ಲಸಿಕೆಯೇ ಬೇರೆ, ಇದೇ ಬೇರೆ. ಈ ಹಳೆಯ ಕ್ರಮ ಭಾರತದಲ್ಲೂ ಆಫ್ರಿಕದಲ್ಲೂ ಬಳಕೆಯಲ್ಲಿತ್ತು. ಒನೆಸಿಮಸ್ ಎಂಬ ಆಫ್ರಿಕನ್ ಗುಲಾಮನಿಂದ ಇದನ್ನು ತಿಳಿದುಕೊಂಡ ಪಾದ್ರಿ ಕಾಟನ್ ಮೇದರನ ಪ್ರೇರಣೆಯಿಂದ 1721ರಲ್ಲೇ ಬಾಸ್ಟನ್ನಿನಲ್ಲಿ ಇದರ ಪ್ರಯೋಗ ನಡೆದಿತ್ತು. ಸಹಜ ಸಿಡುಬು ನೂರರಲ್ಲಿ ಹದಿನೈದರಿಂದ ಮೂವತ್ತು ಜನರನ್ನು ಕೊಲ್ಲುತ್ತಿದ್ದರೆ ಹೀಗೆ ಬರಿಸಿದ ಸಿಡುಬಿನಿಂದ ಸಾಯುತ್ತಿದ್ದವರು ನೂರಕ್ಕೆ ಒಬ್ಬಿಬ್ಬರು. ತೊಂದರೆ ಬೇರೆ ಕಡೆ ಇತ್ತು. ಹಾಕಿಸಿಕೊಂಡವನು ಮೂರು ನಾಲ್ಕು ವಾರ ಕೆಲಸಕ್ಕೆ ಬಾರದವನಾಗುತ್ತಿದ್ದ, ಆ ಅವಧಿಯಲ್ಲಿ ಇತರರಿಗೆ ನಿಜವಾದ ಸಿಡುಬನ್ನೇ ಅಂಟಿಸಬಲ್ಲವನಾಗಿರುತ್ತಿದ್ದ. ಶತ್ರು ಎದುರಿಗಿರುವಾಗ ಅರ್ಧ ಸೇನೆಯನ್ನು ಮಲಗಿಸುವ ಧೈರ್ಯ ಯಾರಿಗಿದ್ದೀತು? 1776ರಲ್ಲಿ ಸೇನೆಯೊಳಗೆ ಈ ಕ್ರಮವನ್ನು ನಿಷೇಧಿಸಲಾಗಿತ್ತು.

ವಾಷಿಂಗ್ಟನ್ನನಿಗೆ 1751ರಲ್ಲಿ ಬಾರ್ಬೇಡೋಸ್ ದ್ವೀಪದಲ್ಲಿ ಸಿಡುಬು ಬಂದಿತ್ತು. ಮುಖದ ಮೇಲೆ ಅದರ ಕಲೆಗಳಿದ್ದವು. ಬಹಳ ಹಿಂಜರಿದ ಮೇಲೆ ಅವನು 1777ರ ಫೆಬ್ರವರಿ 6ರಂದು ಇಡೀ ಸೇನೆಗೆ ಹೀಗೆ ಸಿಡುಬು ಹಾಕಿಸುವಂತೆ ಶಿಪ್ಪೆನ್ನನಿಗೆ ಆದೇಶ ಬರೆದ. ಸೇನೆ ಚಳಿಗಾಲದ ಬೀಡಿನಲ್ಲಿತ್ತು, ಯುದ್ಧ ನಿಂತಿತ್ತು. ಹೊಸದಾಗಿ ಸೇರಿದವರನ್ನು ದಾರಿಯಲ್ಲೇ, ಫಿಲಡೆಲ್ಫಿಯದಂಥ ಊರುಗಳಲ್ಲಿ ತಡೆದು ಹಾಕಿಸಿ, ವಾಸಿಯಾದ ಮೇಲೆ ಮುಂದಕ್ಕೆ ಕಳುಹಿಸಲಾಯಿತು. ಮಾರಿಸ್‌ಟೌನ್ ಬೀಡಿನ ಸುತ್ತಲಿನ ಮನೆಗಳೂ ಚರ್ಚುಗಳೂ ಇದಕ್ಕಾಗಿ ಮೀಸಲಾದವು. ಬ್ರಿಟಿಷರಿಗೆ ಸುಳಿವು ಸಿಗದಂತೆ ಎಲ್ಲವನ್ನೂ ಆದಷ್ಟು ಗುಟ್ಟಾಗಿ ನಡೆಸಿದರು. ಮರುವರ್ಷ ವ್ಯಾಲಿ ಫೋರ್ಜ್ ಬೀಡಿನಲ್ಲಿ, ಹಿಂದೆ ತಪ್ಪಿಸಿಕೊಂಡಿದ್ದ ಸಾವಿರಾರು ಮಂದಿಗೆ ಹಾಕಿ ಮುಗಿಸಲಾಯಿತು. ಮುಂದೆ ಸಿಡುಬು ಈ ಸೇನೆಯ ದಂಡಯಾತ್ರೆಯೊಂದನ್ನೂ ಮುರಿಯಲಿಲ್ಲ. ಇಲಾಖೆಯ ಅತಿ ದೊಡ್ಡ ಯಶಸ್ಸು ಇದೇ. ಆದರೆ ಇದು ವೈದ್ಯರ ಆವಿಷ್ಕಾರವಲ್ಲ, ಸೇನಾಪತಿಯ ಆಜ್ಞೆ. ಅಲ್ಪಾವಧಿಗೆಂದು ಸೇರಿ ಹೊರಟುಹೋಗುವ ಜನರ ಜಾಗದಲ್ಲಿ ಮೂರು ವರ್ಷಗಳ ಅಥವಾ ಯುದ್ಧ ಮುಗಿಯುವವರೆಗಿನ ಸೇವೆಗೆ ಒಪ್ಪಿದವರ ಸೇನೆ ಆಗಷ್ಟೇ ರೂಪುಗೊಳ್ಳುತ್ತಿದ್ದುದರಿಂದ ಒಂದು ತಿಂಗಳನ್ನು ಹೀಗೆ ಖರ್ಚು ಮಾಡುವುದು ಲಾಭದಾಯಕವಾಯಿತು.

1777ರ ಏಪ್ರಿಲ್ 7ರಂದು ಕಾಂಗ್ರೆಸ್ ಇಲಾಖೆಯನ್ನು ಬ್ರಿಟಿಷ್ ಮಾದರಿಯಲ್ಲಿ ಪುನರ್ರಚಿಸಿತು. ಪ್ರಧಾನ ನಿರ್ದೇಶಕನ ಕೆಳಗೆ ಪ್ರಾದೇಶಿಕ ವಿಭಾಗಗಳು, ಅವುಗಳಿಗೆ ಉಪನಿರ್ದೇಶಕರು, ಮುಖ್ಯ ವೈದ್ಯರು, ಮುಖ್ಯ ಶಸ್ತ್ರವೈದ್ಯರು ಬಂದರು, ಸಂಬಳಗಳು ಏರಿದವು. ಏಪ್ರಿಲ್ 11ರಂದು ಶಿಪ್ಪೆನ್ ನಿರ್ದೇಶಕನಾದ. ಬ್ರಿಟಿಷ್ ಮಾದರಿಯ ಒಂದು ಮುಖ್ಯ ಅಂಶ ಮಾತ್ರ ಬಿಟ್ಟುಹೋಗಿತ್ತು. ಅಲ್ಲಿ ಖರೀದಿ ಮಾಡುವವನು ಬೇರೆ, ಚಿಕಿತ್ಸೆಯ ಮೇಲ್ವಿಚಾರಕ ಬೇರೆ. ಒಬ್ಬನ ಲೆಕ್ಕಕ್ಕೆ ಇನ್ನೊಬ್ಬ ಸಾಕ್ಷಿ. ಇಲ್ಲಿ ವೈನಿನ ಪೀಪಾಯಿ ಕೊಳ್ಳುವವನೂ, ರೋಗಿಗೆ ಅದು ಬೇಕೆಂದು ಬರೆಯುವವನೂ, ಮುಟ್ಟಿತೆಂದು ಸಹಿ ಹಾಕುವವನೂ ಒಂದೇ ಅಧಿಕಾರದಡಿ ಇದ್ದರು. ಮಧ್ಯವಿಭಾಗದ ಮುಖ್ಯ ವೈದ್ಯ ಬೆಂಜಮಿನ್ ರಶ್ ಈ ದೋಷವನ್ನು ಎತ್ತಿ ತೋರಿಸಿದ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬನಾದ ರಶ್ ಮಾತಿನಲ್ಲಿ ಹಿಡಿತವಿಲ್ಲದವನು; ಶಿಪ್ಪೆನ್ ಸಾವಿನ ಸಂಖ್ಯೆಯನ್ನು ಮರೆಮಾಚುತ್ತಾನೆ, ಆಸ್ಪತ್ರೆಯ ಸರಕನ್ನು ಸ್ವಂತಕ್ಕೆ ಮಾರುತ್ತಾನೆ ಎಂದೂ ಆರೋಪಿಸಿ 1778ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಹೊರಬಂದ. ಒಂದು ವಾರದೊಳಗೆ, ಫೆಬ್ರವರಿ 6ರಂದು, ಕಾಂಗ್ರೆಸ್ ಖರೀದಿಯ ಹೊಣೆಯನ್ನು ನಿರ್ದೇಶಕನಿಂದ ಉಪನಿರ್ದೇಶಕರಿಗೆ ವರ್ಗಾಯಿಸಿತು. ಮಾರ್ಗನ್ ಮತ್ತು ರಶ್ ಹೊರಿಸಿದ ಆರೋಪಗಳ ಮೇಲೆ 1780ರಲ್ಲಿ ಮಾರಿಸ್‌ಟೌನಿನಲ್ಲಿ ನಡೆದ ಸೇನಾ ವಿಚಾರಣೆ ಶಿಪ್ಪೆನ್ನನನ್ನು ಖುಲಾಸೆ ಮಾಡಿತು.

ಈ ಜಗಳದ ಹಿನ್ನೆಲೆಯಲ್ಲಿದ್ದದ್ದು ಪೆನ್ಸಿಲ್ವೇನಿಯದ ಆಸ್ಪತ್ರೆಗಳ ಸ್ಥಿತಿ. 1777ರ ಸೆಪ್ಟೆಂಬರ್‌ನಲ್ಲಿ ಬ್ರ್ಯಾಂಡಿವೈನ್ ಕದನ ಸೋತು ಫಿಲಡೆಲ್ಫಿಯ ಕೈಬಿಟ್ಟ ಮೇಲೆ ಗಾಯಾಳುಗಳನ್ನು ಬೆತ್ಲೆಹೆಮ್, ಲಿಟಿಟ್ಸ್, ಎಫ್ರಟಗಳಂಥ ಊರುಗಳಿಗೆ ಸಾಗಿಸಲಾಯಿತು. ಇವು ಶಾಂತಿವ್ರತದ ಜರ್ಮನ್ ಕ್ರೈಸ್ತ ಪಂಗಡಗಳ ಊರುಗಳು. ಬೆತ್ಲೆಹೆಮ್ಮಿನ ಮೊರೇವಿಯನ್ ಸಮುದಾಯದ ಅವಿವಾಹಿತ ಗಂಡಸರ ವಸತಿಗೃಹದಲ್ಲಿ, ಅದು ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ರೋಗಿಗಳನ್ನು ತುಂಬಿದರು. ಹೇನುಗಳಿಂದ ಹರಡುವ ಟೈಫಸ್ ಜ್ವರ ಹಬ್ಬಿತು. ಕಾಲಿನ ಗಾಯಕ್ಕೆಂದು ಬಂದವನು ಜ್ವರದಿಂದ ಸಾಯುತ್ತಿದ್ದ. ವೈದ್ಯರೂ ದಾದಿಯರೂ ಶುಶ್ರೂಷೆಗೆ ನಿಂತ ಮೊರೇವಿಯನ್ನರೂ ಸತ್ತರು. ಹೇನಿನ ಪಾತ್ರ ಆಗ ಯಾರಿಗೂ ತಿಳಿದಿರಲಿಲ್ಲ, ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಆ ತಪ್ಪು ನಂಬಿಕೆಯಿಂದಲೇ ಒಂದು ಸರಿಯಾದ ಪಾಠ ಹೊರಟಿತು: ರೋಗಿಗಳನ್ನು ಗುಡ್ಡೆ ಹಾಕಬಾರದು.

ಆ ಪಾಠವನ್ನು ಕಟ್ಟಡದ ರೂಪಕ್ಕೆ ತಂದವನು ಸೇನಾವೈದ್ಯ ಜೇಮ್ಸ್ ಟಿಲ್ಟನ್. ಬೆತ್ಲೆಹೆಮ್ಮಿನ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದ ಅವನು 1779–80ರ ಕಡು ಚಳಿಗಾಲದಲ್ಲಿ ಮಾರಿಸ್‌ಟೌನಿನ ಬಳಿ ಮರದ ದಿಮ್ಮಿಗಳ ಆಸ್ಪತ್ರೆ ಗುಡಿಸಲುಗಳನ್ನು ಕಟ್ಟಿಸಿದ. ನೆಲಕ್ಕೆ ಹಲಗೆಯಿಲ್ಲ, ಬಡಿದು ಗಟ್ಟಿಮಾಡಿದ ಮಣ್ಣು; ನಡುವೆ ಒಲೆ, ಸೂರಿನಲ್ಲಿ ಹೊಗೆ ಹೋಗಲು ಕಂಡಿ; ಪ್ರತಿ ಗುಡಿಸಲಿನಲ್ಲೂ ಕೆಲವೇ ರೋಗಿಗಳು, ಜ್ವರದವರಿಗೂ ಗಾಯಾಳುಗಳಿಗೂ ಬೇರೆ ಬೇರೆ ಕೋಣೆ. ದೊಡ್ಡ ಕಟ್ಟಡಗಳಿಗಿಂತ ಇಲ್ಲಿ ಸಾವು ಕಡಿಮೆಯೆಂದು ಅವನು ವರದಿ ಮಾಡಿದ.

ಬೀಡಿನ ಶುಚಿತ್ವ ನಿಧಾನವಾಗಿ ಸುಧಾರಿಸಿತು. ಆರಂಭದ ಸೈನಿಕರು ಬಟ್ಟೆ ಒಗೆಯುವುದು ಹೆಂಗಸರ ಕೆಲಸವೆಂದು ಕೊಳೆಯಲ್ಲೇ ಇರುತ್ತಿದ್ದರು. ಶೌಚದ ಗುಂಡಿ ಬಳಸಿರೆಂಬ ಆಜ್ಞೆಯನ್ನು ಸೇನಾಪತಿ ಮತ್ತೆ ಮತ್ತೆ ಹೊರಡಿಸಬೇಕಾಯಿತು. ರಶ್ 1777ರಲ್ಲಿ ಪತ್ರಿಕೆಯಲ್ಲೂ ಮರುವರ್ಷ ಕಿರುಪುಸ್ತಕವಾಗಿಯೂ ಪ್ರಕಟಿಸಿದ ಆರೋಗ್ಯಸೂತ್ರಗಳು, ಕೂದಲು ಕತ್ತರಿಸುವುದರಿಂದ ಹಿಡಿದು ತರಕಾರಿ ತಿನ್ನುವವರೆಗೆ, ಸೈನಿಕನಿಗಲ್ಲ, ಅಧಿಕಾರಿಗೆ ಬರೆದವು. ಸೈನಿಕನ ಆರೋಗ್ಯ ಅಧಿಕಾರಿಯ ಕರ್ತವ್ಯವೆಂದೇ ಅವನ ವಾದ. ವ್ಯಾಲಿ ಫೋರ್ಜ್‌ನಲ್ಲಿ 1777–78ರ ಚಳಿಗಾಲದಲ್ಲಿ ಬೀಡುಬಿಟ್ಟ ಸುಮಾರು 12,000 ಮಂದಿಯಲ್ಲಿ 2,000ದಷ್ಟು ಮಂದಿ ಸತ್ತರು. ಅವರನ್ನು ಹಿಮ ಕೊಂದಿತೆಂಬ ಜನಪ್ರಿಯ ಚಿತ್ರ ಅಷ್ಟು ಸರಿಯಲ್ಲ. ಹೆಚ್ಚಿನ ಸಾವು ಸಂಭವಿಸಿದ್ದು ಚಳಿ ಇಳಿಯತೊಡಗಿದ ತಿಂಗಳುಗಳಲ್ಲಿ, ಜ್ವರ ಮತ್ತು ಭೇದಿಯಿಂದ. ಪ್ರಷ್ಯದಿಂದ ಬಂದ ಬ್ಯಾರನ್ ಸ್ಟೊಯ್ಬೆನ್ ಅಲ್ಲಿ ಕವಾಯತಿನ ಜೊತೆಗೆ ಬೀಡಿನ ಬಿಡಾರಗಳ ಸಾಲು, ಅಡುಗೆಯ ಜಾಗ, ಅದರಿಂದ ದೂರ ಶೌಚದ ಗುಂಡಿ ಎಂಬ ಕ್ರಮವನ್ನೂ ರೂಢಿಸಿದ. 1779ರಲ್ಲಿ ಪ್ರಕಟವಾದ ಅವನ ನಿಯಮಾವಳಿ ರೋಗಿಗಳನ್ನು ಹೋಗಿ ನೋಡುವುದನ್ನು ಅಧಿಕಾರಿಗಳ ಕರ್ತವ್ಯವಾಗಿಸಿತು.

ಔಷಧಗಳಲ್ಲಿ ಜ್ವರಕ್ಕೆ ಸಿಂಕೋನ ತೊಗಟೆ, ನೋವಿಗೆ ಅಫೀಮು, ವಾಂತಿ, ಭೇದಿ ಮಾಡಿಸಲು ಇಪಿಕಾಕ್, ಜಾಲಪ್, ಪಾದರಸದ ಲವಣಗಳು ಮುಖ್ಯವಾದವು. ಹೆಚ್ಚಿನವು ಹಡಗಿನಲ್ಲಿ ಬರಬೇಕಾದವು; ಸಮುದ್ರ ಬ್ರಿಟಿಷರ ಹಿಡಿತದಲ್ಲಿತ್ತು. ವಶಪಡಿಸಿಕೊಂಡ ಶತ್ರು ಹಡಗುಗಳ ಸರಕೂ ಫ್ರಾನ್ಸಿನ ನೆರವೂ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವು. 1778ರಲ್ಲಿ ವೈದ್ಯ ವಿಲಿಯಂ ಬ್ರೌನ್ ಲಿಟಿಟ್ಸ್ ಆಸ್ಪತ್ರೆಯಲ್ಲಿ ಸಿದ್ಧಪಡಿಸಿದ 32 ಪುಟಗಳ ಲ್ಯಾಟಿನ್ ಔಷಧಕೋಶ ಇಂಥ ಬಡತನದ ಕೂಸು: ಸಿಗುವ ಸಾಮಗ್ರಿಯಿಂದ ಸರಳವಾಗಿ ತಯಾರಿಸಬಹುದಾದ ಔಷಧಗಳಿಗೆ ಅದು ಆದ್ಯತೆ ಕೊಟ್ಟಿತು. ಅಮೆರಿಕದಲ್ಲಿ ಅಚ್ಚಾದ ಮೊದಲ ಔಷಧಕೋಶ ಅದು. ಶಸ್ತ್ರಚಿಕಿತ್ಸೆಯಲ್ಲಿ ಹೊಸದೇನೂ ನಡೆಯಲಿಲ್ಲ. ನುಚ್ಚುನೂರಾದ ಕೈಕಾಲುಗಳನ್ನು ಅರಿವಳಿಕೆಯಿಲ್ಲದೆ ಕತ್ತರಿಸಬೇಕಾಗಿತ್ತು.

ದಾದಿಯರಲ್ಲಿ ಬಹುಪಾಲು ಸೈನಿಕರ ಹೆಂಡಂದಿರು, ವಿಧವೆಯರು. ಪಾತ್ರೆ ತೊಳೆಯುವುದು, ಕಸ ಗುಡಿಸುವುದು, ರೋಗಿಗೆ ಉಣಿಸುವುದು ಅವರ ಕೆಲಸ. ನೂರು ರೋಗಿಗಳಿಗೊಬ್ಬಳು ಮೇಲ್ವಿಚಾರಕಿ. 1777ರ ಹೊತ್ತಿಗೆ ದಾದಿಯ ಸಂಬಳ ತಿಂಗಳಿಗೆ 8 ಡಾಲರಿಗೆ ಏರಿತ್ತಾದರೂ ಕಾಗದದ ಹಣದ ಬೆಲೆ ಅದಕ್ಕಿಂತ ಬೇಗ ಇಳಿಯಿತು. ಸಾಕಷ್ಟು ಹೆಂಗಸರು ಸಿಗದಿದ್ದಾಗ ರೆಜಿಮೆಂಟುಗಳಿಂದ ಗಂಡಸರನ್ನೇ ಈ ಕೆಲಸಕ್ಕೆ ಎಳೆಯುತ್ತಿದ್ದರು. ಯಾವ ದಳಪತಿಯೂ ಒಳ್ಳೆಯ ಸೈನಿಕನನ್ನು ಬಿಟ್ಟುಕೊಡುತ್ತಿರಲಿಲ್ಲ.

1780ರ ಸೆಪ್ಟೆಂಬರ್ 30ರ ಪುನರ್ರಚನೆ ಕೊನೆಗೂ ಬುಡಕ್ಕೆ ಕೈಹಾಕಿತು. ಪ್ರತ್ಯೇಕ ಪ್ರಾದೇಶಿಕ ಆಡಳಿತಗಳನ್ನು ಬಹುಮಟ್ಟಿಗೆ ಕಿತ್ತುಹಾಕಿ, ಒಬ್ಬ ನಿರ್ದೇಶಕನ ಅಡಿಯಲ್ಲಿ ಮುಖ್ಯ ವೈದ್ಯರನ್ನೂ ಆಸ್ಪತ್ರೆ ವೈದ್ಯರನ್ನೂ ಒಂದೇ ಸಾಲಿಗೆ ತಂದಿತು. ಖರೀದಿಗೆ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಿತು. ಶಿಪ್ಪೆನ್ 1781ರ ಜನವರಿ 3ರಂದು ರಾಜೀನಾಮೆ ಕೊಟ್ಟ. ಅವನ ಜಾಗಕ್ಕೆ ಬಂದ ಜಾನ್ ಕೋಕ್ರನ್ ಫ್ರೆಂಚರ ವಿರುದ್ಧದ ಹಿಂದಿನ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಶಸ್ತ್ರವೈದ್ಯನ ಸಹಾಯಕನಾಗಿದ್ದವನು. ವಿಶ್ವವಿದ್ಯಾಲಯದ ಪದವಿಯಿಲ್ಲ, ವೈರಿಗಳೂ ಇಲ್ಲ. ಅವನ ಪಾಲಿಗೆ ಉಳಿದ ಕೊರತೆ ಹಣ ಮಾತ್ರ: ಸಂಬಳ ಕಾಣದ ವೈದ್ಯರು ರಾಜೀನಾಮೆ ಕೊಡುತ್ತಿದ್ದರು, ಕಾಂಗ್ರೆಸ್ಸಿನ ಖಜಾನೆ ಬರಿದಾಗಿತ್ತು.

1781ರ ಅಕ್ಟೋಬರ್‌ನ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಸೇನೆಯ ಜೊತೆಯಲ್ಲೇ ಚಲಿಸುವ ಆಸ್ಪತ್ರೆಗಳು, ಹಿಂದೆ ವಿಲಿಯಮ್ಸ್‌ಬರ್ಗಿನ ಸ್ಥಿರ ಆಸ್ಪತ್ರೆ ಎಂಬ ಕ್ರಮ ಕೆಲಸ ಮಾಡಿತು. ಪಕ್ಕದಲ್ಲೇ ಜ್ಯಾನ್ ಫ್ರಾಂಸ್ವಾ ಕೋಸ್ತನ ನೇತೃತ್ವದ ಫ್ರೆಂಚ್ ಸೇನಾವೈದ್ಯರ ಸುಸಜ್ಜಿತ ತಂಡವಿತ್ತು. ಒಳಗಿದ್ದ ಬ್ರಿಟಿಷ್ ಸೇನೆಯನ್ನು ಮಲೇರಿಯ ಹಣ್ಣುಮಾಡಿತ್ತು. ಸ್ವಾತಂತ್ರ್ಯದ ಆಸೆಯಿಂದ ಅದರ ಬೆನ್ನುಹತ್ತಿ ಬಂದಿದ್ದ ಕಪ್ಪು ಗುಲಾಮರು ಸಿಡುಬಿನಿಂದ ಗುಂಪುಗುಂಪಾಗಿ ಸತ್ತರು. 

ಯುದ್ಧದಲ್ಲಿ ಅಮೆರಿಕನ್ನರ ಕಡೆ ಕದನಗಳಲ್ಲಿ ಸತ್ತವರು ಸುಮಾರು 6,800, ಬೀಡುಗಳಲ್ಲಿ ರೋಗದಿಂದ ಸತ್ತವರು ಸುಮಾರು 10,000 ಎಂಬುದು ಇತಿಹಾಸಕಾರರ ಒಂದು ಅಂದಾಜು. ಶತ್ರುವಿನ ಸೆರೆಯಲ್ಲಿ ಸತ್ತ ಸಾವಿರಾರು ಮಂದಿ ಇದರ ಹೊರಗೆ. ಅಂಗವಿಕಲರಾದವರಿಗೆ ಅರ್ಧ ಸಂಬಳದ ಪಿಂಚಣಿಯನ್ನು ಕಾಂಗ್ರೆಸ್ 1776ರ ಆಗಸ್ಟ್‌ನಲ್ಲೇ ಘೋಷಿಸಿತ್ತು. 1777ರ ಜೂನ್‌ನಲ್ಲಿ ಲೂಯಿಸ್ ನಿಕೋಲನ ಕೈಕೆಳಗೆ ಅಶಕ್ತರ ದಳವೊಂದು ರಚನೆಯಾಯಿತು. ದಂಡಯಾತ್ರೆಗೆ ಹೋಗಲಾರದವರು ಅದರಲ್ಲಿ ಉಗ್ರಾಣ, ಆಸ್ಪತ್ರೆಗಳ ಕಾವಲು ಕಾಯುತ್ತಿದ್ದರು.

1783ರಲ್ಲಿ ಸೇನೆ ವಿಸರ್ಜನೆಯಾದಾಗ ಇಲಾಖೆಯೂ ಕರಗಿಹೋಯಿತು. ಅದರ ಅನುಭವ ವ್ಯಕ್ತಿಗಳ ಜೊತೆ ಉಳಿಯಿತು: ಯುದ್ಧಕಾಲದಲ್ಲಿ ಬಾಸ್ಟನ್ನಿನ ಸೇನಾ ಆಸ್ಪತ್ರೆಯನ್ನು ನೋಡಿಕೊಂಡ ಜಾನ್ ವಾರನ್ 1782ರಲ್ಲಿ ಹಾರ್ವರ್ಡ್‌ನ ವೈದ್ಯಶಾಲೆಯ ಸ್ಥಾಪಕರಲ್ಲೊಬ್ಬನಾದ, ಟಿಲ್ಟನ್ 1813ರಲ್ಲಿ, ಬ್ರಿಟನ್ನಿನೊಂದಿಗೆ ಮತ್ತೆ ಯುದ್ಧ ನಡೆಯುತ್ತಿದ್ದಾಗ, ಸೇನೆಯ ಮುಖ್ಯ ವೈದ್ಯನಾಗಿ ನೇಮಕಗೊಂಡು ಸೇನಾ ಆಸ್ಪತ್ರೆಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಅಮೆರಿಕದ ಸೇನೆಗೆ ಕಾಯಂ ವೈದ್ಯಕೀಯ ಇಲಾಖೆ ಬಂದದ್ದು 1818ರಲ್ಲಿ, ಜೋಸೆಫ್ ಲವೆಲ್ ಅದರ ಮುಖ್ಯಸ್ಥನಾದಾಗ.